11 ಮಾತ್ರೆಯಲ್ಲಿ ರೇಲಾ ಓಡಿಸಿದರೆ ಸಮ್ ತಪ್ಪುತ್ತಿದೆ, ಏನು ಮಾಡಲಿ?

ತಿರಕಿಟ_ಶಿಷ್ಯ

ಎಲ್ಲರಿಗೂ ನಮಸ್ಕಾರ. ತಬಲಾ ಕಲಿಯುತ್ತಾ ಏಳು ವರ್ಷ ಆಯಿತು. ತೀನತಾಲದಲ್ಲಿ (16 ಮಾತ್ರೆ, ಅಂದರೆ 16 ಎಣಿಕೆಯ ತಾಳ) ಪೇಶ್ಕಾರ, ನಾಲ್ಕೈದು ಕಾಯದಾ, ರೇಲಾ (ವೇಗವಾಗಿ ಓಡುವ ರಚನೆ), ಒಂದಷ್ಟು ಗತ್, ತುಕಡಾ, ಚಕ್ರಧಾರ ಎಲ್ಲ ಸೇರಿಸಿ ಅರ್ಧ ಗಂಟೆ ಸೋಲೋ ನುಡಿಸುತ್ತೇನೆ. ಝಪತಾಲ, ರೂಪಕದಲ್ಲೂ ಸ್ವಲ್ಪ ಸ್ವಲ್ಪ ಆಗುತ್ತದೆ. ಲಯ 160ಕ್ಕೆ (ನಿಮಿಷಕ್ಕೆ 160 ಮಾತ್ರೆ) ಇಟ್ಟು 'ಧಾ-ತಿರಕಿಟತಕ' ರೇಲಾ ಚೌಗುನ್‌ನಲ್ಲಿ (ಮಾತ್ರೆಗೆ ನಾಲ್ಕು ಅಕ್ಷರ) ಓಡಿಸಿದರೆ ಕೈ ತಡೆದುಕೊಳ್ಳುತ್ತದೆ, ಬೋಲ್ (ತಬಲಾದ ಅಕ್ಷರಗಳು) ಕೂಡ ಸ್ಪಷ್ಟವಾಗಿ ಕೇಳುತ್ತದೆ. ಇದನ್ನು ಹೇಳಿಕೊಳ್ಳುತ್ತಿರುವುದು ಜಂಬಕ್ಕಲ್ಲ, ತೊಂದರೆ ವೇಗದ್ದಲ್ಲ ಅಂತ ನಿಮಗೆ ಗೊತ್ತಾಗಲಿ ಅಂತ.

ಮೂರು ತಿಂಗಳು ಬಿಟ್ಟು ನಮ್ಮ ಗುರುಗಳ ಶಿಷ್ಯರ ಬೈಠಕ್ ಇದೆ. ನನಗೆ 20 ನಿಮಿಷ. "ಈ ಸಲ ತೀನತಾಲ ಬೇಡ, ಬೇರೆ ಏನಾದರೂ ಯೋಚನೆ ಮಾಡು" ಅಂದರು ಗುರುಗಳು. ನಾನು ಹುಮ್ಮಸ್ಸಿನಲ್ಲಿ ರುದ್ರತಾಲ, 11 ಮಾತ್ರೆ ಅಂದುಬಿಟ್ಟೆ. ಅವರು ನಕ್ಕು ಸುಮ್ಮನಾದರು. ಆ ನಗುವಿನ ಅರ್ಥ ಈಗ ಗೊತ್ತಾಗುತ್ತಿದೆ.

ವಿಲಂಬಿತದಲ್ಲಿ, ಮಧ್ಯಲಯದಲ್ಲಿ ಹೇಗೋ ನಡೆಯುತ್ತದೆ. ದ್ರುತ್‌ಗೆ (ವೇಗದ ಲಯಕ್ಕೆ) ಬಂದು ರೇಲಾ ಶುರು ಮಾಡಿದೆನೋ, ಮುಗೀತು. ವಿಚಿತ್ರ ಏನೆಂದರೆ ಒಂದು ಆವರ್ತದಲ್ಲಿ (ತಾಳದ ಒಂದು ಸುತ್ತು) ಸಮ್ (ಸುತ್ತಿನ ಮೊದಲ ಮಾತ್ರೆ) ಸರಿಯಾಗಿ ಸಿಗುತ್ತದೆ, ಅದರ ಮುಂದಿನದರಲ್ಲಿ ಎಲ್ಲೋ ಗಾಳಿಯಲ್ಲಿ ಹೋಗುತ್ತದೆ, ಮತ್ತೆ ಅದರ ಮುಂದಿನದರಲ್ಲಿ ಸಿಗುತ್ತದೆ. ಬೆರಳು ಎಣಿಸುತ್ತಾ ನುಡಿಸೋಣ ಅಂದರೆ ಆ ವೇಗದಲ್ಲಿ ಎಣಿಕೆ ಎಲ್ಲಿ ಬರಬೇಕು? ಬಾರಿಸುವ ಕೈಗೆ ಬೆರಳೂ ಉಳಿದಿರುವುದಿಲ್ಲ. ಕೊನೆಗೆ ತೀನತಾಲದ ರೇಲಾವನ್ನೇ ಕತ್ತರಿಸಿ ಕತ್ತರಿಸಿ 11ರೊಳಗೆ ತುರುಕುತ್ತಿದ್ದೇನೆ. ಕೇಳಿದವರು "ತೀನತಾಲವೇ ಯಾಕೋ ಎಡವಿದ ಹಾಗಿದೆ" ಅಂದರು. ಸರಿಯಾಗೇ ಹೇಳಿದರು.

ನನ್ನ ಪ್ರಶ್ನೆ ಇಷ್ಟು. ತೀನತಾಲದ ರೇಲಾವನ್ನು 11ಕ್ಕೆ ಹೊಂದಿಸಬಹುದಾ, ಇಲ್ಲ ಹೊಸದಾಗೇ ಕಟ್ಟಬೇಕಾ? ತಿಹಾಯಿ (ಒಂದೇ ತುಣುಕು ಮೂರು ಸಲ ನುಡಿಸಿ ಸಮ್ ಮೇಲೆ ಮುಗಿಸುವುದು) ಲೆಕ್ಕ ಹೇಗೆ? ಒಂದು ಒಳ್ಳೆ ಚಕ್ರಧಾರ (ತಿಹಾಯಿ ಸಮೇತ ಇಡೀ ರಚನೆಯೇ ಮೂರು ಸಲ) ಇಡುವ ಆಸೆಯೂ ಇದೆ. ಇಲ್ಲ, ಇದೆಲ್ಲ ಬಿಟ್ಟು 9ಕ್ಕೋ 15ಕ್ಕೋ ಹೋಗಲಾ?

ಹಳೇ_ಡಗ್ಗಾ

ತಮ್ಮಾ, ನಿನ್ನ ಕಾಯಿಲೆ ನೀನೇ ಬರೆದಿದ್ದೀಯ, ನೋಡಿಕೊಂಡಿಲ್ಲ ಅಷ್ಟೆ. 'ಒಂದು ಆವರ್ತ ಬಿಟ್ಟು ಒಂದು ಆವರ್ತಕ್ಕೆ ಸಮ್ ಸಿಗುತ್ತದೆ' ಅಂದೆಯಲ್ಲ, ಅಲ್ಲೇ ಇದೆ ಎಲ್ಲ.

ಲೆಕ್ಕ ಹಾಕು. 'ಧಾ-ತಿರಕಿಟತಕ' ಅಂದರೆ ಎಂಟು ಅಕ್ಷರದ ಜಾಗ (ಧಾ ಪಕ್ಕದ ಎಳೆತವನ್ನೂ ಸೇರಿಸಿ). ಮಾತ್ರೆಗೆ ನಾಲ್ಕು ಅಕ್ಷರ ಅಂದರೆ ತೀನತಾಲದ ಒಂದು ಆವರ್ತಕ್ಕೆ 64 ಅಕ್ಷರ, ಅಂದರೆ ಎಂಟೆಂಟ್ಲಿ ಅರವತ್ನಾಲ್ಕು. ನಿನ್ನ ಕೈ ಏಳು ವರ್ಷ ಈ ಎಂಟರ ಗಾಡಿಯಲ್ಲೇ ಓಡಾಡಿದೆ. 11 ಮಾತ್ರೆಗೆ 44 ಅಕ್ಷರ. 44ರಲ್ಲಿ ಎಂಟು ಐದೂವರೆ ಸಲ ಹೋಗುತ್ತದೆ. ಆ ಅರ್ಧ ಇದೆಯಲ್ಲ, ಅದು ನಿನ್ನನ್ನು ಕೆಡವುತ್ತಿದೆ. ಎರಡನೇ ಆವರ್ತದ ಸಮ್ ಬರುವಾಗ ನೀನು ಆರನೇ ಬೋಲಿನ ನಡುವೆ ಇರುತ್ತೀಯ, ಸಮ್ ಹೋಗಿ 'ಕಿಟ' ಮೇಲೆ ಬೀಳುತ್ತದೆ. ನಿನ್ನ ಕಿವಿ ಅಲ್ಲಿ ಧಾ ಹುಡುಕುತ್ತದೆ, ಸಿಗುವುದಿಲ್ಲ, ಗಾಬರಿ. ಎರಡು ಆವರ್ತ ಸೇರಿದರೆ 88, ಅಂದರೆ ಎಂಟು ಹನ್ನೊಂದ್ಲಿ. ಅದಕ್ಕೇ ಮೂರನೇದಕ್ಕೆ ತಾನಾಗಿ ಸರಿ ಹೋಗುತ್ತದೆ. ದೊಡ್ಡವರು ಇದನ್ನು ಬೇಕೆಂದೇ ಮಾಡುತ್ತಾರೆ, ನಡುವಿನ ಸಮ್ ಮೇಲೆ ಹಾರಿಹೋಗಿ ಆಚೆ ಇಳಿಯುವುದು. ಕೇಳಲು ಮಜವೇ. ಆದರೆ ಬೇಕೆಂದು ಹಾರುವುದಕ್ಕೂ ಕಾಲು ಜಾರಿ ಬೀಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ.

ಹಾಗಾಗಿ ಮೊದಲು 44ರೊಳಗೆ ಕೂರುವ ಬೋಲ್ ಕಟ್ಟು. ನಾನು ಮಾಡುವುದು ಹೀಗೆ. 44ನ್ನು 22, 22 ಅಂತ ಎರಡು ಭಾಗ ಮಾಡುತ್ತೇನೆ, ಒಂದೊಂದು ಭಾಗ ಐದೂವರೆ ಮಾತ್ರೆ. 22 ಅಂದರೆ 8, 8, 6.

ಧಾ-ತಿರಕಿಟತಕ ಧಾ-ತಿರಕಿಟತಕ ಧಾ-ತಿರಕಿಟ
ತಾ-ತಿರಕಿಟತಕ ತಾ-ತಿರಕಿಟತಕ ಧಾ-ತಿರಕಿಟ

ಮೊದಲ ಸಾಲು ಭರಿ (ಡಗ್ಗಾ, ಅಂದರೆ ಎಡಗೈಯ ದಪ್ಪ ದನಿ ಇರುವುದು), ಎರಡನೇ ಸಾಲು ಖಾಲಿ (ಅದು ಇಲ್ಲದ್ದು), ಕೊನೆಯ ತುಣುಕಿಗೆ ಡಗ್ಗಾ ಮತ್ತೆ ಬರುತ್ತದೆ. ಖಾಲಿ ಶುರುವಾಗುವುದು ಆರನೇ ಮಾತ್ರೆಯ ನಡುವಿನಿಂದ. ಇದನ್ನು ಮೊದಲು ಬಾಯಲ್ಲಿ ಹೇಳು, ಕೈಯಲ್ಲಿ 11 ತಟ್ಟುತ್ತಾ. ಆರನೇ ತಟ್ಟಿನ ನಡುವೆ 'ತಾ' ಬೀಳುವುದು ಮೊದಲು ಕಷ್ಟ ಅನಿಸುತ್ತದೆ, ನಾಲ್ಕು ದಿನದಲ್ಲಿ ಅದೇ ಚಂದ ಅನಿಸುತ್ತದೆ. ಆ ಅರ್ಧ ಮಾತ್ರೆಯ ವಾಲುವಿಕೆಯೇ 11ರ ರುಚಿ. ಅದನ್ನು ಮುಚ್ಚಿಡಲು ಹೋದರೆ ತೀನತಾಲ ಎಡವಿದ ಹಾಗೆ ಕೇಳುತ್ತದೆ.

ಅರ್ಧದಲ್ಲಿ ಒಡೆಯುವುದು ಬೇಡ ಅಂದರೆ ಇನ್ನೊಂದು ದಾರಿ ಇದೆ. ಒಂದು ಇಡೀ ಆವರ್ತ ಭರಿ, ಮುಂದಿನ ಆವರ್ತದ ಮುಂಭಾಗ ಖಾಲಿ, ಹಿಂಭಾಗ ಭರಿ. ಬೆಸ ಮಾತ್ರೆಯ ತಾಳಗಳಲ್ಲಿ ಕಾಯದಾ ನುಡಿಸುವವರು ಹೀಗೂ ಮಾಡುತ್ತಾರೆ. ಎರಡನ್ನೂ ಕಲಿ, ಆದರೆ ಒಂದೇ ರೇಲಾದಲ್ಲಿ ಎರಡನ್ನೂ ಕಲಸಬೇಡ.

ಪಲ್ಟಾ (ಅದೇ ಬೋಲ್‌ಗಳ ಅದಲುಬದಲು) ಮಾಡುವಾಗ 8, 8, 6 ಇದ್ದದ್ದನ್ನು 6, 8, 8 ಮಾಡು, 8, 6, 8 ಮಾಡು. ಬೋಲ್ ಅದೇ, ವಾಲುವ ಜಾಗ ಬದಲಾಯಿತು. ಹತ್ತು ಪಲ್ಟಾ ಬೇಕಿಲ್ಲ, 20 ನಿಮಿಷದ ಸೋಲೋದಲ್ಲಿ ಒಂದು ರೇಲಾಕ್ಕೆ ಐದು ಒಳ್ಳೆ ಪಲ್ಟಾ ಧಾರಾಳ ಆಯಿತು.

ಇನ್ನು ವೇಗ. ಲಯ 160ರಲ್ಲಿ ತೀನತಾಲದ ಒಂದು ಸುತ್ತು ಸರಿಯಾಗಿ 6 ಸೆಕೆಂಡ್. 11 ಮಾತ್ರೆಯ ಸುತ್ತು ಹೆಚ್ಚೂಕಡಿಮೆ 4 ಸೆಕೆಂಡಿಗೆ ಮುಗಿಯುತ್ತದೆ. ಸಮ್ ಅಷ್ಟು ಬೇಗ ಬೇಗ ಬಂದು ಬಾಗಿಲು ತಟ್ಟುತ್ತಿದ್ದರೆ ಕೈ ಅದೇ ವೇಗದಲ್ಲಿದ್ದರೂ ತಲೆಗೆ ಅವಸರ ಆಗುತ್ತದೆ. ಅದಕ್ಕೆ ಮೊದಲ ಬೈಠಕ್‌ಗೆ 160 ಬೇಡ. 120ರಲ್ಲಿ ಸ್ವಚ್ಛವಾಗಿ ನುಡಿಸು. ಕೇಳುವವರಿಗೆ ಅದೂ ಓಟದ ಹಾಗೆಯೇ ಕೇಳುತ್ತದೆ, ಯಾಕೆಂದರೆ ಸಮ್ ಬೇಗ ಬರುತ್ತಿರುತ್ತದೆ. ಈ ಗುಟ್ಟು ಯಾರಿಗೂ ಹೇಳಬೇಡ.

ತಿಹಾಯಿ ಬಗ್ಗೆ ಸಂಜೆ ಬರೆಯುತ್ತೇನೆ. ಈಗ ಪಾಠಕ್ಕೆ ಹುಡುಗರು ಬಂದರು.

ಲೆಹರಾ_ಅಕ್ಕ

ನಾನು ತಬಲಾದವಳಲ್ಲ, ಹಾರ್ಮೋನಿಯಂ. ಸೋಲೋಗಳಿಗೆ ಲೆಹರಾ (ತಾಳದ ಸುತ್ತು ತೋರಿಸಲು ಮತ್ತೆ ಮತ್ತೆ ನುಡಿಸುವ ರಾಗದ ಸಾಲು) ಹಿಡಿದು ಹಿಡಿದು ಬೆನ್ನು ಬಾಗಿದೆ. ಆ ಕಡೆಯಿಂದ ಒಂದು ಮಾತು.

ನೀವು ಸಮ್ ತಪ್ಪಿದಾಗ ಯಾರ ಕಡೆ ನೋಡುತ್ತೀರಿ? ನಮ್ಮ ಕಡೆ. ಆದರೆ ಅದಕ್ಕೆ ಮೊದಲು ನಮ್ಮನ್ನು ಕೇಳಿಸಿಕೊಂಡಿರುವುದೇ ಇಲ್ಲ! ತೀನತಾಲದ ಲೆಹರಾ ಎಲ್ಲರ ತಲೆಯಲ್ಲೂ ಅಚ್ಚಾಗಿರುತ್ತದೆ, ಚಂದ್ರಕೌಂಸ್‌ನಲ್ಲಿ ಇರಲಿ ಕೀರವಾಣಿಯಲ್ಲಿ ಇರಲಿ, ಎಲ್ಲಿ ಏರಿ ಎಲ್ಲಿ ಇಳಿಯುತ್ತದೆ ಅಂತ ನಿದ್ದೆಯಲ್ಲೂ ಗೊತ್ತು. 11ರ ಲೆಹರಾ ನಿಮಗೆ ಹೊಸದು. ಅದನ್ನು ಹಾಡಲು ಬರುತ್ತಾ? ಬರಲ್ಲ ಅಂದರೆ ತಬಲಾ ಮುಟ್ಟುವ ಮೊದಲು ಒಂದು ವಾರ ಅದನ್ನೇ ಗುನುಗಿ. ಅಡುಗೆ ಮಾಡುವಾಗ, ನಡೆಯುವಾಗ. ಸಮ್‌ನ ಸ್ವರ ಯಾವುದು, ಆರನೇ ಮಾತ್ರೆಯಲ್ಲಿ ರಾಗ ಎಲ್ಲಿರುತ್ತದೆ, ಒಂಬತ್ತರಿಂದ ಹೇಗೆ ತಿರುಗಿ ಮನೆಗೆ ಬರುತ್ತದೆ. ಇಷ್ಟು ಗೊತ್ತಿದ್ದರೆ ಎಣಿಸುವ ಕೆಲಸವೇ ಇಲ್ಲ. ರಾಗವೇ ಎಣಿಸಿಕೊಡುತ್ತದೆ.

ಒಂದು ಸಲ 11ರ ಸೋಲೋಗೆ ಕೂತಿದ್ದೆ. ನುಡಿಸುವ ಹುಡುಗ ಬಲೇ ಚುರುಕು, ಕೈ ಅಂದರೆ ಕೈ. ದ್ರುತ್ ಹಿಡಿದ ಎರಡನೇ ನಿಮಿಷಕ್ಕೆ ನನಗೂ ಅವನಿಗೂ ಸಂಬಂಧವೇ ಇಲ್ಲ. ಅವನು ಒಂದೂವರೆ ಮಾತ್ರೆ ಮುಂದೆ. ನಾನು ಬಿಡಲಿಲ್ಲ, ಅದೇ ಲೆಹರಾ ಗಟ್ಟಿಯಾಗಿ ಒತ್ತುತ್ತಾ ಕೂತೆ. ಅವನು ಏನು ಮಾಡಬೇಕಿತ್ತು? ರೇಲಾ ಬಿಟ್ಟು ಎರಡು ಆವರ್ತ ಬರೀ ಠೇಕಾ (ತಾಳದ ಮೂಲ ಬೋಲ್) ಹಿಡಿಯಬೇಕಿತ್ತು. ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ, ಉಸಿರು ತೆಗೆದುಕೊಂಡ ಅಂದುಕೊಳ್ಳುತ್ತಿದ್ದರು. ಅವನು ಇನ್ನೂ ಜೋರಾಗಿ ಓಡಿದ. ಕೊನೆಗೆ ತಿಹಾಯಿ ಹಾಕಿ ಧಾ ಅಂತ ಕೈ ಎತ್ತಿದ, ನಾನಿನ್ನೂ ನಾಲ್ಕನೇ ಮಾತ್ರೆಯಲ್ಲಿ. ಆಮೇಲೆ ಒಳಗೆ ಬಂದು "ಲೆಹರಾ ಓಡಿತು" ಅಂತ ನನ್ನ ಮೇಲೇ ಹಾಕಿದ. ಇರಲಿ ಬಿಡಿ, ಹಳೇ ಕಥೆ.

ಅದಕ್ಕೆ ಹೇಳುವುದು, ತಿಹಾಯಿ ರೂಢಿ ಮಾಡಿದ ಹಾಗೆಯೇ ಠೇಕಾಕ್ಕೆ ವಾಪಸ್ ಬರುವುದನ್ನೂ ರೂಢಿ ಮಾಡಿ. ರೇಲಾದ ಯಾವ ಜಾಗದಿಂದ ಬೇಕಾದರೂ ಠೇಕಾಕ್ಕೆ ಜಾರಿಕೊಳ್ಳಲು ಬರಬೇಕು. ಆ್ಯಪ್‌ನಲ್ಲಿ ಲೆಹರಾ ಹಾಕಿಕೊಂಡು ರಿಯಾಜ್ ಮಾಡುತ್ತೀರಲ್ಲ, ಅದರ ಸದ್ದು ನಿಮ್ಮ ತಬಲಾಗಿಂತ ಕಮ್ಮಿ ಇಡಿ. ಜಾಸ್ತಿ ಇಟ್ಟರೆ ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಕಮ್ಮಿ ಇಟ್ಟರೆ ನೀವೇ ಕಿವಿ ಕೊಟ್ಟು ಹಿಡಿದುಕೊಳ್ಳಬೇಕಾಗುತ್ತದೆ.

ಮೃದಂಗದವನು

ಇಲ್ಲಿ ಕರ್ನಾಟಕಿಯವರು ಬಾಯಿ ಹಾಕಬಹುದಾ? ಹಾಕುತ್ತೇನೆ.

ನಮ್ಮಲ್ಲಿ 11 ಅಂದರೆ ಯಾರೂ ಅಷ್ಟು ಬೆಚ್ಚುವುದಿಲ್ಲ, ಯಾಕೆಂದರೆ ಮೊದಲ ದಿನದಿಂದ ತಾಳ ಕೈಯಲ್ಲಿ ಹಾಕುತ್ತೇವೆ. ಸೂಳಾದಿ ಸಪ್ತ ತಾಳ, ಐದು ಜಾತಿ, ಒಟ್ಟು 35. ಅದರಲ್ಲಿ 11 ಅಕ್ಷರ ಮೂರು ಥರ ಸಿಗುತ್ತದೆ. ಮಿಶ್ರ ಜಾತಿ ತ್ರಿಪುಟ, 7, 2, 2. ತಿಸ್ರ ಜಾತಿ ಧ್ರುವ, 3, 2, 3, 3. ಸಂಕೀರ್ಣ ಜಾತಿ ರೂಪಕ, 2, 9. ಮೂರೂ ಹನ್ನೊಂದೇ, ಆದರೆ ನಡಿಗೆ ಬೇರೆ ಬೇರೆ. ಒಂದಕ್ಕೆ ಕಟ್ಟಿದ ಕೋರ್ವೆ (ನಮ್ಮ ಮುಕ್ತಾಯದ ಲೆಕ್ಕ) ಇನ್ನೊಂದಕ್ಕೆ ಲೆಕ್ಕದಲ್ಲಿ ಕೂರುತ್ತದೆ, ಕಿವಿಗೆ ಕೂರುವುದಿಲ್ಲ.

ಹಾಗಾಗಿ ನನ್ನ ಪ್ರಶ್ನೆ, ನಿಮ್ಮ ರುದ್ರತಾಲ ಒಳಗೆ ಹೇಗೆ ಒಡೆದಿದೆ? ನಾನು ಕೇಳಿದ ಮಟ್ಟಿಗೆ ಒಬ್ಬೊಬ್ಬರ ಠೇಕಾ ಒಂದೊಂದು ಥರ. ಅದು ಹೋಗಲಿ, 'ಚಾರ್ ತಾಲ್ ಕೀ ಸವಾರಿ' ಅಂತ ಇನ್ನೊಂದು ಇದೆಯಲ್ಲ, ಅದೂ 11, ಆದರೆ 4, 4, 3. ಕೊನೆಯ ಮೂರು ಮಾತ್ರೆಯಲ್ಲಿ ಬೋಲ್ ದುಪ್ಪಟ್ಟಾಗುತ್ತದೆ, 'ಧೀಧೀ ನಾಧೀ ಧೀನಾ' ಅಂತ. ತಾಳವೇ ತನ್ನ ಸಮ್ ಬರುತ್ತಿದೆ ಅಂತ ಕೂಗಿ ಹೇಳುತ್ತದೆ. ವೇಗದಲ್ಲಿ ನುಡಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕಾ? ನಾನಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸುತ್ತಿದ್ದೆ.

ಹಳೇ_ಡಗ್ಗಾ

ಮೃದಂಗದ ಯಜಮಾನರು ಸರಿಯಾದ ಜಾಗದಲ್ಲೇ ಚಿವುಟಿದರು. ತಮ್ಮಾ, ಅವರ ಮಾತು ಕೇಳು, ರುದ್ರ ಬಿಟ್ಟು ಸವಾರಿಗೆ ಬಾ. ಮೇಲೆ ಬರೆದ ರೇಲಾ ಅಲ್ಲೂ ನಡೆಯುತ್ತದೆ. ಈಗ ತಿಹಾಯಿ ಹೇಳಿದರೆ ಯಾಕೆ ಅಂತ ನಿನಗೇ ಗೊತ್ತಾಗುತ್ತದೆ.

ಸಮ್‌ನಿಂದ ಶುರು ಮಾಡಿ ಮುಂದಿನ ಸಮ್‌ಗೆ ಧಾ ಇಡಬೇಕು ಅಂದುಕೋ. 44 ಅಕ್ಷರ, ಅದಕ್ಕೆ ಸಮ್‌ನ ಧಾ ಒಂದು ಸೇರಿಸಿದರೆ 45. ಇದನ್ನು ಮೂರು ತುಣುಕು, ನಡುವೆ ಎರಡು ದಮ್ (ಬಿಡುವು) ಅಂತ ಹಂಚಬೇಕು. 45 ಮೂರರಿಂದ ಭಾಗ ಆಗುತ್ತದೆ, ಹದಿನೈದು ಮೂರಲಿ ನಲವತ್ತೈದು. ಹಾಗಾಗಿ ದಮ್ ಇಲ್ಲದೆ ಬೇದಮ್ ತಿಹಾಯಿ ನೇರವಾಗಿ ಸಿಗುತ್ತದೆ:

ಧಾ-ತಿರಕಿಟತಕ ತಿರಕಿಟತಕ ಧಾ

ಇದು ಹದಿನೈದು. ಉಸಿರು ಬಿಡದೆ ಮೂರು ಸಲ. ಮೂರನೇ ಧಾ ಸಮ್ ಮೇಲೆ. ಜೋರು ಲಯದಲ್ಲಿ ಇದು ಭಾರಿ ಚಂದ, ಆದರೆ ಒಂದು ಧಾಕ್ಕೂ ಮುಂದಿನ ತುಣುಕಿನ ಧಾಕ್ಕೂ ನಡುವೆ ಜಾಗವೇ ಇಲ್ಲದ ಕಾರಣ ಎರಡು ಧಾ ಅಂಟಿಕೊಂಡು ಒಂದೇ ಆಗಿಬಿಡುವ ಅಪಾಯ ಇದೆ. ಎರಡೂ ಬೇರೆ ಬೇರೆ ಕೇಳಬೇಕು.

ಈಗ ದಮ್ ಇರುವುದು. ತುಣುಕು 13, ದಮ್ 3:

ಧಾ-ತಿರಕಿಟತಕ ತಿರಕಿಟ ಧಾ - - -

ಮೂರು ಹದಿಮೂರು 39, ಎರಡು ದಮ್ 6, ಒಟ್ಟು 45. ಈಗ ನೋಡು ತಮಾಷೆ. ತುಣುಕು, ದಮ್ ಸೇರಿ 16 ಅಕ್ಷರ, ಅಂದರೆ ನಾಲ್ಕು ಮಾತ್ರೆ. ಮೊದಲ ಸಲ 4 ಮಾತ್ರೆ, ಎರಡನೇ ಸಲ 4 ಮಾತ್ರೆ, ಕೊನೆಗೆ 3 ಮಾತ್ರೆ, ಆಮೇಲೆ ಸಮ್. ಸವಾರಿಯ 4, 4, 3 ಇದೇ ತಾನೇ! ತಿಹಾಯಿ ತಾಳದ ವಿಭಾಗದ ಮೇಲೆ ವಿಭಾಗ ಇಟ್ಟ ಹಾಗೆ ಕೂರುತ್ತದೆ. ಮೂವತ್ತು ವರ್ಷದ ಹಿಂದೆ ಇದನ್ನು ಕಾಗದದ ಮೇಲೆ ಬರೆದು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇರೆ ತಾಳಗಳೂ ಹೀಗೇ. ಮತ್ತತಾಲ 9 ಮಾತ್ರೆ ಅಂದರೆ 36, ಸಮ್ ಸೇರಿ 37. ಮೂರರಿಂದ ಭಾಗ ಆಗುವುದಿಲ್ಲ, ಹಾಗಾಗಿ ಸಮ್‌ನಿಂದ ಚೌಗುನ್‌ನಲ್ಲಿ ಬೇದಮ್ ಸಿಗುವುದೇ ಇಲ್ಲ. 11ರ ತುಣುಕು, 2ರ ದಮ್ ಇಟ್ಟರೆ ಆಯಿತು. ಜಯತಾಲ 13ಕ್ಕೆ 53, ತುಣುಕು 17, ದಮ್ ಒಂದೇ ಒಂದು. ಪಂಚಮ ಸವಾರಿ 15ಕ್ಕೆ 61, ತುಣುಕು 19, ದಮ್ 2. ಕೋಷ್ಟಕ ಬಾಯಿಪಾಠ ಮಾಡಬೇಡ. ಒಂದು ಸಲ ಮಾಡುವ ರೀತಿ ಹಿಡಿದರೆ ಯಾವ ತಾಳ ಕೊಟ್ಟರೂ ಚಹಾ ಆರುವುದರೊಳಗೆ ತಿಹಾಯಿ ಕಟ್ಟಬಹುದು.

9ಕ್ಕೆ ಹೋಗಲಾ ಅಂತ ಕೇಳಿದ್ದೆಯಲ್ಲ, ಅಲ್ಲಿ ಒಂದು ಗುಂಡಿ ಇದೆ. ಅರ್ಧ ಆವರ್ತ 18 ಅಕ್ಷರ. 'ಧಾ-ತಿರಕಿಟ' ಮೂರು ಸಲ ಇಟ್ಟರೆ ಆರು ಮೂರಲಿ ಹದಿನೆಂಟು, ಚೊಕ್ಕ ಅನಿಸುತ್ತದೆ. ನುಡಿಸಿದರೆ ದಾದ್ರಾ (6 ಮಾತ್ರೆಯ ತಾಳ) ಕುಣಿದ ಹಾಗೆ ಕೇಳುತ್ತದೆ, 9 ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. 8, 4, 6 ಅಂತ ಒಡೆದರೆ 9 ಉಳಿಯುತ್ತದೆ. 15 ಬೇಡ ಈಗ. ಅದರ ಠೇಕಾವೇ ನಿನ್ನ ಒಂದು ವರ್ಷ ತಿನ್ನುತ್ತದೆ.

ಸುಮ್ನೆ_ಕೇಳುಗ

ನಾನು ನುಡಿಸುವವನಲ್ಲ, ಮುಂದಿನ ಸಾಲಿನಲ್ಲಿ ಕೂತು ಕೇಳುವವನು. ಎಲ್ಲರೂ 44, 45 ಅಂತ ಲೆಕ್ಕದಲ್ಲಿ ಮುಳುಗಿದ್ದೀರಿ, ಸ್ವಲ್ಪ ತಣ್ಣೀರು ಎರಚುತ್ತೇನೆ.

ಅಪ್ರಚಲಿತ ತಾಳದ ಸೋಲೋ ಕೇಳಿದಾಗಲೆಲ್ಲ ನನಗೆ ಒಂದೇ ಅನುಮಾನ, ಇವರು ಸಂಗೀತ ನುಡಿಸುತ್ತಿದ್ದಾರಾ, ಇಲ್ಲ ಪರೀಕ್ಷೆ ಬರೆಯುತ್ತಿದ್ದಾರಾ? ಒಂಬತ್ತೂವರೆ, ಹತ್ತೂವರೆ ಮಾತ್ರೆ ಅಂತೆಲ್ಲ ಘೋಷಣೆ ಮಾಡಿ ಶುರು ಮಾಡುತ್ತಾರೆ. ಸಭೆಯಲ್ಲಿ ಅರ್ಧ ಜನ ಎಣಿಸುತ್ತಾರೆ, ಇನ್ನರ್ಧ ಜನ ಕೊನೆಯ ಧಾಕ್ಕೆ ಚಪ್ಪಾಳೆ ತಟ್ಟಲು ಕಾಯುತ್ತಾರೆ. ಕೇಳುವವರು ಯಾರು?

ಬನಾರಸ್‌ನ ಕಿಶನ್ ಮಹಾರಾಜರು ಬೆಸ ಮಾತ್ರೆಯ ತಾಳಗಳಿಗೇ ಹೆಸರಾದವರು. ಅವರ ಧ್ವನಿಮುದ್ರಣ ಕೇಳಿದರೆ ಲೆಕ್ಕ ಮುಂದೆ ಬಂದು ಕೂರುವುದಿಲ್ಲ. ತಾಳ ಯಾವುದು ಅಂತ ಗೊತ್ತಿಲ್ಲದವನೂ ತಲೆ ಆಡಿಸುತ್ತಾನೆ. ಅದೇ ಬನಾರಸ್‌ನ ಅನೋಖೇಲಾಲ್ ಮಿಶ್ರ ಅವರು ಹೆಸರು ಮಾಡಿದ್ದು ಯಾವುದಕ್ಕೆ? ಬರೀ 'ನಾ ಧಿಂ ಧಿಂ ನಾ'ಕ್ಕೆ! ಎಲ್ಲರಿಗೂ ಬರುವ ತೀನತಾಲದ ನಾಲ್ಕು ಬೋಲ್, ಆದರೆ ಆ ವೇಗದಲ್ಲಿ ಆ ಶುದ್ಧಿ ಯಾರಿಗೂ ಬರಲಿಲ್ಲ.

ಹಾಗಂತ 11 ಬೇಡ ಅನ್ನುತ್ತಿಲ್ಲ. ಒಂದೇ ಕೋರಿಕೆ, ಓಡುವಾಗ ಡಗ್ಗಾ ಮರೆಯಬೇಡಿ. ವೇಗ ಏರಿದ ಹಾಗೆ ಹುಡುಗರ ಎಡಗೈ ಸತ್ತು ಹೋಗುತ್ತದೆ, ಎಲ್ಲ ಒಂದೇ ಟಪಟಪ. ಖಾಲಿ ಎಲ್ಲಿ ಭರಿ ಎಲ್ಲಿ ಗೊತ್ತಾಗುವುದಿಲ್ಲ. ನಿಮ್ಮ 11 ನಮಗೆ ತಲುಪುವುದು ಆ ಡಗ್ಗಾ ಇದ್ದು ಇಲ್ಲವಾಗುವುದರಿಂದ ತಾನೇ? ಅದಿಲ್ಲದಿದ್ದರೆ 11 ಆದರೇನು, 16 ಆದರೇನು, ನಮಗೆ ಮಳೆ ಹೊಡೆದ ಹಾಗೆ.

ತಿರಕಿಟ_ಶಿಷ್ಯ

ಎಲ್ಲರಿಗೂ ನಮಸ್ಕಾರ. ಹತ್ತು ದಿನ ಆಯಿತು, ಬರೆಯಲು ತಡವಾಯಿತು, ಕ್ಷಮಿಸಿ.

ಗುರುಗಳಿಗೆ ಚಾರ್ ತಾಲ್ ಕೀ ಸವಾರಿ ಅಂದೆ. ಈ ಸಲ ನಗಲಿಲ್ಲ, "ಠೇಕಾ ಹೇಳು" ಅಂದರು. ಹೇಳಿದೆ. "ಒಂದು ವಾರ ಬರೀ ಇದನ್ನೇ ಬಾರಿಸು" ಅಂದರು. ಬಾರಿಸಿದೆ. ಲೆಹರಾ ಅಕ್ಕ ಹೇಳಿದ ಹಾಗೆ ಲೆಹರಾ ಗುನುಗಿ ಗುನುಗಿ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ. ನಿಜ ಹೇಳಬೇಕೆಂದರೆ ಎಣಿಸುವುದು ತಾನಾಗಿ ನಿಂತುಹೋಯಿತು. ಒಂಬತ್ತನೇ ಮಾತ್ರೆ ಬಂದ ಕೂಡಲೇ 'ಧೀಧೀ ನಾಧೀ ಧೀನಾ' ಒಳಗೆ ಕೇಳುತ್ತದೆ.

8, 8, 6ರ ರೇಲಾ 100ರಲ್ಲಿ ಬರುತ್ತಿದೆ. 120ರಲ್ಲಿ ಆರನೇ ಮಾತ್ರೆಯ ಆ ಅರ್ಧ ಇನ್ನೂ ಸ್ವಲ್ಪ ಬೇಗ ಬೀಳುತ್ತದೆ.

ಆದರೆ 13ರ ತಿಹಾಯಿ ಕೈಕೊಡುತ್ತಿದೆ. ಪ್ರತಿ ಸಲ ಅರ್ಧ ಮಾತ್ರೆ ತಡವಾಗಿ ಬರುತ್ತದೆ. ಪ್ರತಿ ಸಲವೂ ಅಷ್ಟೇ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ವೇಗ ಕಮ್ಮಿ ಮಾಡಿದರೂ ಹಾಗೇ. ಎಲ್ಲಿ ತಪ್ಪುತ್ತಿದ್ದೇನೆ? ಮತ್ತೆ ಚಕ್ರಧಾರದ್ದು ಮರೆತಿರಾ ಹಳೇ ಡಗ್ಗಾ ಸರ್?

ಹಳೇ_ಡಗ್ಗಾ

ಪ್ರತಿ ಸಲ ಒಂದೇ ಅಳತೆಯಲ್ಲಿ ತಪ್ಪಿದರೆ ಕೈ ತಪ್ಪಿದ್ದಲ್ಲ, ಲೆಕ್ಕ ತಪ್ಪಿದ್ದು. ನೀನು ಧಾ ಹೊಡೆದು ಆಮೇಲೆ ಇಡೀ ಒಂದು ಮಾತ್ರೆ ಕಾಯುತ್ತಿದ್ದೀಯ, ಅಂದರೆ ದಮ್ 3ರ ಬದಲು 4. ಎರಡು ದಮ್‌ಗೆ ಎರಡು ಅಕ್ಷರ ಜಾಸ್ತಿ, 45ರ ಬದಲು 47. ಎರಡು ಅಕ್ಷರ ಅಂದರೆ ಅರ್ಧ ಮಾತ್ರೆ. ಧಾ ಸೇರಿ ಒಂದು ಮಾತ್ರೆ, ಧಾ ಬಿಟ್ಟು ಅಲ್ಲ. 'ಧಾ-ಆ-ಆ-ಆ' ಅಂತ ಬಾಯಲ್ಲಿ ಹೇಳಿಕೊಂಡು ನುಡಿಸು, ಇವತ್ತೇ ಸರಿ ಹೋಗುತ್ತದೆ.

ಚಕ್ರಧಾರ ಮರೆತಿಲ್ಲ. ಫರ್ಮಾಯಿಷಿ ಕೊಡುತ್ತೇನೆ, ಬೈಠಕ್‌ನಲ್ಲಿ ಅದಕ್ಕೇ ಬೆಲೆ. ಮೊದಲ ಪಲ್ಲೆಯ (ಮೂರು ಸಲದಲ್ಲಿ ಒಂದು ಸಲ) ಮೊದಲ ಧಾ ಸಮ್ ಮೇಲೆ, ಎರಡನೇ ಪಲ್ಲೆಯ ಎರಡನೇ ಧಾ ಸಮ್ ಮೇಲೆ, ಮೂರನೇ ಪಲ್ಲೆಯ ಮೂರನೇ ಧಾ ಸಮ್ ಮೇಲೆ. ಕೇಳಿದರೆ ಮಾಟ ಅನಿಸುತ್ತದೆ, ಒಳಗೆ ಇರುವುದು ಸಣ್ಣ ಉಪಾಯ. ಒಂದು ಪಲ್ಲೆಯ ಉದ್ದಕ್ಕೆ ಎರಡು ಧಾಗಳ ನಡುವಿನ ಅಂತರ ಕೂಡಿಸಿದರೆ ತಾಳದ ಪಟ್ಟು ಬರಬೇಕು, ಅಷ್ಟೆ.

11ಕ್ಕೆ ಹೀಗೆ ಮಾಡು. ಸಮ್‌ನಿಂದ 11 ಮಾತ್ರೆ ಬೋಲ್, ಇದು ಮೈ. ಹನ್ನೆರಡನೆಯದು ಅಂದರೆ ಮುಂದಿನ ಸಮ್, ಅಲ್ಲಿ ಮೊದಲ ಧಾ. ಮೂರು ಮಾತ್ರೆ ಬಿಟ್ಟು ಎರಡನೇ ಧಾ, ಮತ್ತೆ ಮೂರು ಮಾತ್ರೆ ಬಿಟ್ಟು ಮೂರನೇ ಧಾ. ಆ ಮೂರನೇ ಧಾ ಬಿದ್ದ ಎರಡು ಮಾತ್ರೆಗೆ ಮತ್ತೆ ಮೊದಲಿನಿಂದ. ಅಂದರೆ ಪಲ್ಲೆ 19 ಮಾತ್ರೆ. 19ಕ್ಕೆ 3 ಕೂಡಿಸಿದರೆ 22, ಹನ್ನೊಂದರ ಎರಡು ಪಟ್ಟು. ಮೊದಲ ಪಲ್ಲೆಯ ಮೊದಲ ಧಾ 11 ಮಾತ್ರೆ ಮುಗಿದ ಕೂಡಲೇ ಬೀಳುತ್ತದೆ. ಎರಡನೆಯದರ ಎರಡನೇ ಧಾ 33 ಮುಗಿದ ಮೇಲೆ. ಮೂರನೆಯದರ ಮೂರನೇ ಧಾ 55 ಮುಗಿದ ಮೇಲೆ. ಎಲ್ಲವೂ ಸಮ್, ಒಟ್ಟು ಸರಿಯಾಗಿ ಐದು ಆವರ್ತ. ಧಾಗಳ ನಡುವಿನ ಜಾಗ ಖಾಲಿ ಬಿಡಬೇಡ, 'ತಿರಕಿಟತಕ' ತುಂಬು. ಮೈಗೆ ಏನು ಬೋಲ್ ಇಡುತ್ತೀಯೋ ಅದು ನಿನ್ನದು, ನಾನು ಕೊಡುವುದಿಲ್ಲ. ಮೊದಲು ಪಢಂತ್ (ಬೋಲ್ ಬಾಯಲ್ಲಿ ಹೇಳುವುದು) ಮಾಡಿ ತೋರಿಸು, ಆಮೇಲೆ ನುಡಿಸು. ಹಾಗೆ ಮಾಡಿದರೆ ಸುಮ್ನೆ ಕೇಳುವ ನಮ್ಮ ಯಜಮಾನರಿಗೂ ಎಲ್ಲಿ ಏನು ಬೀಳುತ್ತಿದೆ ಅಂತ ಗೊತ್ತಾಗುತ್ತದೆ.

ಸುಮ್ನೆ_ಕೇಳುಗ

ಗೊತ್ತಾಗುತ್ತದೆ, ಗೊತ್ತಾಗುತ್ತದೆ. ಧಾ ಎಣಿಸುವಷ್ಟು ಬುದ್ಧಿ ಇದೆ ಮಾರಾಯರೇ.

ಮೃದಂಗದವನು

ಆ 19 ಮಾತ್ರೆಯ ಪಲ್ಲೆಯನ್ನು ತಾಳ ಹಾಕಿಕೊಂಡು ಕೊನ್ನಕ್ಕೋಲ್‌ನಲ್ಲಿ (ನಮ್ಮ ಪಢಂತ್) ಹೇಳಿ ನೋಡಿದೆ. ಎರಡನೇ ಸುತ್ತಿನಲ್ಲಿ ನಡುವಿನ ಧಾ ಬಂದು ಸಮದ ಮೇಲೆ ಕೂತಾಗ ನಾನೇ 'ಆಹಾ' ಅಂದೆ. ಕದ್ದುಕೊಂಡಿದ್ದೇನೆ, ಕೇಳಬೇಡಿ.

ತಿರಕಿಟ_ಶಿಷ್ಯ

ದಮ್ ನಾಲ್ಕೇ ಕಾಯುತ್ತಿದ್ದೆ ಸರ್. 'ಧಾ-ಆ-ಆ-ಆ' ಹೇಳಿಕೊಂಡು ನುಡಿಸಿದೆ, ಮೂರನೇ ಸಲಕ್ಕೆ ಕೂತಿತು. ಚಕ್ರಧಾರದ ಮೈ ಕಟ್ಟುತ್ತಿದ್ದೇನೆ, ಒಂಬತ್ತು ಮಾತ್ರೆ ಆಗಿದೆ, ಕೊನೆಯ ಎರಡು ಮಾತ್ರೆಗೆ 'ಧಿರಧಿರ ಕಿಟತಕ' ಇಡಲು ನೋಡುತ್ತಿದ್ದೇನೆ, 110 ದಾಟಿದರೆ ಅಂಗೈ ಹೊರಳುತ್ತಿಲ್ಲ. ಇವತ್ತು ರಾತ್ರಿ ಮತ್ತೆ 80ರಿಂದ ಕೂರುತ್ತೇನೆ.